ಒಂದೇ ಕುರ್ಚಿಯ ಹಾರ್ನು

ಅಮೆರಿಕದ ಫೋರ್ಟ್ ವೇನ್ ಊರಿನಲ್ಲಿ ಆರ್ವಿಲ್ ಸ್ಟಟ್ಸ್‌ಮನ್‌ನ ಕಿವಿಯ ಬಗ್ಗೆ ಯಾರೂ ಚಕಾರ ಎತ್ತುವಂತಿರಲಿಲ್ಲ. ಮೂವತ್ತು ವರ್ಷ ಚಿತ್ರಮಂದಿರಗಳ ಸ್ಪೀಕರ್ ರಿಪೇರಿ ಮಾಡಿದವನು. ಸ್ಪೀಕರಿನಲ್ಲಿ ತುತ್ತೂರಿಯ ಬಾಯಿಯಂತೆ ಅಗಲವಾಗುವ ಹಾರ್ನಿನ ಬೆನ್ನಿಗೆ ಕೂರುವ ಕಂಪ್ರೆಷನ್ ಡ್ರೈವರ್ ಇರುತ್ತದಲ್ಲ (ಬಸ್ಸಿನ ಡ್ರೈವರ್ ಅಲ್ಲ ಮತ್ತೆ, ಸದ್ದು ಹುಟ್ಟಿಸುವ ಮುಷ್ಟಿಗಾತ್ರದ ಡಬ್ಬಿ), ಅದರ ಜಾತಕವನ್ನು ಒಂದೇ ಹಾಡಿಗೆ ಹೇಳಿಬಿಡುತ್ತಿದ್ದ. ಜಂಬವೂ ಇತ್ತು. ಇರಲಿ ಬಿಡಿ, ಕೆಲಸ ಬಲ್ಲವನಿಗೆ ಒಪ್ಪುತ್ತದೆ.

ಎರಡು ವರ್ಷದ ಹಿಂದೆ ಅವನೇ ಮರದಲ್ಲಿ ಒಂದು ಜೊತೆ ಉದ್ದ ಹಾರ್ನು ಕಟ್ಟಿ, ಹವ್ಯಾಸಿಗಳ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಹೊಡೆದಿದ್ದ. ಅವು ಹಾಲಿಗೆ ಬಂದದ್ದೇ ತಡ, ಜೊತೆಗೆ ಕೂತು ಹಾಡು ಕೇಳುತ್ತಿದ್ದ ಹೆಂಡತಿ ವಿಲ್ಮಾ ಅಡುಗೆಮನೆ ಸೇರಿದಳು. ಕೇಳಿದರೆ, "ಕೆಲಸ ಇದೆ ಕಣೋ" ಅನ್ನುವಳು. ಆರ್ವಿಲ್‌ಗೆ ಒಬ್ಬನೇ ಕೂತು ಸಾಕಾಗಿತ್ತು. ತಪ್ಪು ಡ್ರೈವರಿನದೇ ಎಂದು ತೀರ್ಮಾನಿಸಿ ಹೊಸ ಜೋಡಿ ತರಿಸಿದ. ಈ ಸಲ ಅವಳನ್ನು ಕೂರಿಸದಿದ್ದರೆ ತನ್ನ ಹೆಸರು ಆರ್ವಿಲ್ಲೇ ಅಲ್ಲ!

ಶನಿವಾರ ಊಟವಾದ ಮೇಲೆ ಗೆಳೆಯ ನೆಡ್ ಬಂದ. ಕಣ್ಣು ಕಿವಿಗೆ ಮೋಸ ಮಾಡಬಾರದೆಂದು ಸ್ಪೀಕರ್ ಮುಂದೆ ಹಾಸಿಗೆಯ ತೆಳು ಬಟ್ಟೆ ಕಟ್ಟುವುದು ಇವರ ಪದ್ಧತಿ. ಹೊಸ ಡ್ರೈವರುಗಳನ್ನು ಒಮ್ಮೆ ಉದ್ದ ಹಾರ್ನಿಗೆ, ಒಮ್ಮೆ ಅಂಗಡಿಯಿಂದ ತಂದ ಗಿಡ್ಡ, ಅಗಲ ಬಾಯಿಯ ಹಾರ್ನಿಗೆ ಜೋಡಿಸುವುದು ನೆಡ್‌ನ ಕೆಲಸ.

"ಬಟ್ಟೆ ಯಾಕೋ? ಹೆತ್ತವರಿಗೆ ಹೆಗ್ಗಣ ಮುದ್ದು, ನೀನು ನಿನ್ನದನ್ನೇ ಆರಿಸ್ತೀಯ," ಅಂದ ನೆಡ್.

"ಮೈಕಿಟ್ಟು ಅಳೆದಿದೀನಿ ಕಣೋ! ಉದ್ದದ್ದರ ಗೆರೆ ಮೇಜಿನ ಹಾಗೆ ಸಪಾಟು, ಯಾವ ಸ್ವರವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ವಿಲ್ಮಾ, ಬಾರೇ!"

ವಿಲ್ಮಾ ಸಕ್ಕರೆ-ಕೆನೆ ತುಂಬಿ ಬೇಯಿಸಿದ ಪೈ ಹಿಡಿದು ಬಂದು, ಕಿಟಕಿ ಪಕ್ಕದ ಸೋಫಾದ ತುದಿಯಲ್ಲಿ ಕೂತಳು. ಆರ್ವಿಲ್ ನಡುವಿನ ತನ್ನ ಕುರ್ಚಿಯಲ್ಲಿ.

ಮೊದಲ ಸರದಿ. ಹಾಡುವವಳು ಎದುರಿಗೇ ನಿಂತ ಹಾಗಿತ್ತು, ಆರ್ವಿಲ್‌ನ ಮೈ ಝುಮ್ಮೆಂದಿತು. ವಿಲ್ಮಾ, "ಮುಗೀತಾ?" ಎಂದು ಏಳಹೊರಟಳು. "ಕೂತ್ಕೊಳೇ, ಇನ್ನೊಂದಿದೆ," ಅಂದ ಆರ್ವಿಲ್. ಎರಡನೇ ಸರದಿಗೆ ಅವಳ ಪಾದ ತಾಳ ಹಾಕತೊಡಗಿತು.

"ಇದು," ಅಂದಳು.

ನೆಡ್ ಬಟ್ಟೆ ಸರಿಸಿದ. ಗಿಡ್ಡದ್ದು!

"ನಿನ್ನ ಕಿವಿಗೇನಾಗಿದೆಯೇ?" ಅಂದ ಆರ್ವಿಲ್.

"ನನ್ನ ಕಿವಿ ನೆಟ್ಟಗಿದೆ. ಅಳೆಯೋವಾಗ ಮೈಕು ಎಲ್ಲಿಟ್ಟಿದ್ದೆ?"

"ಕುರ್ಚಿ ಹತ್ರ."

"ಯಾರ ಕುರ್ಚಿ?"

ನೆಡ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆರ್ವಿಲ್ ಎದ್ದು ಅವಳ ಜಾಗದಲ್ಲಿ ಕೂತು, ಮತ್ತೆ ಉದ್ದದ್ದನ್ನೇ ಹಾಕಿಸಿದ. ಅದೇ ಹಾಡು. ಆದರೆ ಹಾಡುವವಳ ಬಾಯಿಗೆ ಯಾರೋ ಟವೆಲ್ ತುರುಕಿದ್ದರು. ಆ ಹಾರ್ನು ನೇರ ಎದುರಿನ ಕುರ್ಚಿಯಲ್ಲಿ ಕೂತವನೊಬ್ಬನಿಗೇ ಹಾಡುತ್ತಿತ್ತು.

"ಎರಡು ವರ್ಷ ಯಾಕೆ ಹೇಳಲಿಲ್ಲ?"

"ಬಹುಮಾನ ಬಂದಿತ್ತಲ್ಲ. ಅಷ್ಟು ಖುಷಿಯಾಗಿದ್ದೆ ನೀನು."

ಅವನಿಗೆ ನಾಚಿಕೆಯಾಯಿತು. ಆದರೆ ಆರಿಸುವುದರಲ್ಲಿ ಅವನು ಎಂದೂ ತಡವರಿಸಿದವನಲ್ಲ.

"ನೆಡ್, ಉದ್ದದ್ದನ್ನ ಗ್ಯಾರೇಜಿಗೆ ಸಾಗಿಸು."

"ಹಾಗೇ ಆ ಕುರ್ಚೀನೂ," ಅಂದಳು ವಿಲ್ಮಾ.

ಆರ್ವಿಲ್ ಕುರ್ಚಿಯನ್ನು ತಾನೇ ಹೊತ್ತು ಹೊರಗಿಟ್ಟು ಬಂದ. "ಸ್ವಲ್ಪ ಸರಿಯೇ," ಎಂದು ಸೋಫಾದಲ್ಲಿ ಅವಳ ಪಕ್ಕ ಕೂತ. ನೆಡ್ ಗಿಡ್ಡದ್ದರಲ್ಲಿ ಹಾಕಿದ ಹಾಡು ಮುಗಿದರೂ ಅವಳು ಏಳಲಿಲ್ಲ.