ಹಳೇ ಲ್ಯಾಪ್‌ಟಾಪಿಗೆ ಒಪ್ಪುವ ರ್‍ಯಾಮ್

"ಮಾವ, ಒತ್ತಬೇಡಿ!"

ಸೊಸೆಯ ದನಿ ಅಡುಗೆಮನೆಯವರೆಗೂ ಹೋಗಿ ವಾಪಸ್ಸು ಬಂತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ಬೆನ್ನು ಬಿಚ್ಚಿಸಿಕೊಂಡು ಬೋರಲು ಮಲಗಿತ್ತು. ಅದರೊಳಗೆ ಹೆಬ್ಬೆರಳಿಟ್ಟು ಹಸಿರು ಪಟ್ಟಿಯೊಂದನ್ನು ಅದುಮುತ್ತಿದ್ದ ಮಾವ, ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಮದುವೆಯಾಗಿ ಈ ಮನೆಗೆ ಬಂದಮೇಲೆ ಅವಳು ಅವರೆದುರು ದನಿ ಎತ್ತಿದ್ದು ಇದೇ ಮೊದಲು. ಅದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಇನ್ನೊಂಚೂರು ಒತ್ತಿದ್ರೆ ಕೂತ್ಕೊಳ್ತಿತ್ತು," ಅಂದರು ಮಾವ, ಮೆಲ್ಲಗೆ.

"ಕೂತ್ಕೊಳ್ಳಲ್ಲ ಮಾವ. ಮುರಿಯುತ್ತೆ. ನೋಡಿ, ಕಚ್ಚು ಇರೋ ಜಾಗವೇ ಬೇರೆ."

ಪಟ್ಟಿಯ ಅಂಚಿನಲ್ಲಿ ಹಲ್ಲು ಬಿದ್ದ ವಸಡಿನ ಹಾಗೆ ಸಣ್ಣದೊಂದು ಕಚ್ಚು. ಅದು ಕೂರಬೇಕಾದ ಸ್ಲಾಟಿನಲ್ಲಿ ಒಂದು ಉಬ್ಬು. ಎರಡೂ ಎದುರುಬದುರಾಗದೆ ಅಕ್ಕಪಕ್ಕಕ್ಕೆ ಮುಖ ತಿರುಗಿಸಿಕೊಂಡಿದ್ದವು. ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದರು. ಎದ್ದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತರು.

ಅವರು ಬದುಕಿಡೀ ಬಸ್ಸು ಓಡಿಸಿದವರು. ಓಣಿಯವರಿಗೆಲ್ಲ ಡ್ರೈವರ್ ಮಾವ. ಕೆಟ್ಟು ನಿಂತ ಮಿಕ್ಸಿಯಿರಲಿ, ನೀರಿನ ಪಂಪಿರಲಿ, ಮೊದಲು ಒಂದು ಗುದ್ದು ಕೊಡುವುದು ಅವರ ಪದ್ಧತಿ, ಅನೇಕ ಸಲ ಅಷ್ಟಕ್ಕೇ ಅವು ದಾರಿಗೆ ಬರುತ್ತಿದ್ದವು. ಲ್ಯಾಪ್‌ಟಾಪಿನ ಮುಂದೆ ಸೊಸೆ ಗಲ್ಲಕ್ಕೆ ಕೈಯಿಟ್ಟು ಕೂರುವುದನ್ನು ನೋಡಿ ನೋಡಿ, ಬೆಳಿಗ್ಗೆ ಯಾರೂ ಹೇಳದೆ ಅಂಗಡಿಗೆ ಹೋಗಿ, "ಲ್ಯಾಪ್‌ಟಾಪು ತುಂಬಾ ನಿಧಾನ, ಇರೋದ್ರಲ್ಲಿ ಒಳ್ಳೇದು ಕೊಡಪ್ಪ" ಎಂದು ಆ ಹಸಿರು ಪಟ್ಟಿಯ ರ್‍ಯಾಮನ್ನು ತಂದಿದ್ದರು. ಅಂಗಡಿಯವನು ಒಳ್ಳೆಯದನ್ನೇ ಕೊಟ್ಟಿದ್ದ.

ಮಗಳು ಹುಟ್ಟುವ ಮೊದಲು ಸೊಸೆ ಒಂದು ಆಫೀಸಿನಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದಳು. ಈಗ ಮಗಳು ಶಾಲೆಗೆ ಹೋಗುತ್ತಾಳೆ. ಆ ಆಫೀಸಿನಲ್ಲಿ ಜೊತೆಗಿದ್ದ ಹಿರಿಯಾಕೆ ತನ್ನದೇ ಆಫೀಸು ತೆರೆದು, ಹೋದ ವಾರ ಫೋನ್ ಮಾಡಿದ್ದರು. "ಒಂದು ಸಣ್ಣ ಕ್ಲಿನಿಕ್ಕಿನ ಪ್ಲಾನಿದೆ. ಶನಿವಾರದೊಳಗೆ ಮುಗಿಸಿ ಕಳಿಸು. ಸರಿಹೋದ್ರೆ ಬಂದು ನನ್ ಹತ್ರಾನೇ ಕೂತ್ಕೋ." ಫೈಲು ಬಂತು. ಆ ಕಾಲದ ಲ್ಯಾಪ್‌ಟಾಪು ಅದನ್ನು ತೆರೆಯಲು ಹೋಗಿ ಏದುಸಿರು ಬಿಟ್ಟು, ಅರ್ಧ ಗೋಡೆ ತೋರಿಸಿ, ಹಾಗೇ ಕಲ್ಲಾಗಿ ಕೂತುಬಿಟ್ಟಿತು. "ಹೊಸದು ಮುಂದೆ ನೋಡೋಣ ಬಿಡು, ಈಗೇನವಸರ?" ಅಂದಿದ್ದ ಗಂಡ. ಅವನ ಮನಸ್ಸು ಕೆಟ್ಟದಲ್ಲ. ಅವನಿಗೆ ಅವಸರವಿರಲಿಲ್ಲ, ಅಷ್ಟೇ.

ಲ್ಯಾಪ್‌ಟಾಪಿನ ತಳದಲ್ಲಿದ್ದ ಮಾಡೆಲ್ ನಂಬರನ್ನು ಫೋನಿನಲ್ಲಿ ಹಾಕಿ ಅವಳು ತಡಕಾಡಿದಳು. ಯಾವ ತಲೆಮಾರಿನ ರ್‍ಯಾಮ್, ಎಷ್ಟು ದೊಡ್ಡದನ್ನು ತಾಳುತ್ತದೆ ಎಂದೆಲ್ಲ ಓದಿದಳು. ಅರ್ಧ ತಲೆಗೆ ಹೋಯಿತು, ಅರ್ಧ ಮೇಲಿಂದ ಹಾರಿಹೋಯಿತು. ಒಳಗೆ ಮೊದಲಿಂದಿದ್ದ ಹಳೇ ಪಟ್ಟಿಯನ್ನು ಬಿಡಿಸಿ, ಹೊಸದರ ಜೊತೆ ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಗೆ ಬಂದಳು.

"ಮಾವ, ಅಂಗಡಿಗೆ ಹೋಗ್ತಿದ್ದೀನಿ. ಬರ್ತೀರಾ?"

"ನಾನ್ಯಾಕಮ್ಮ ಅಲ್ಲಿ," ಅಂದರು ಮಾವ. ಅಷ್ಟರಲ್ಲಿ ಕಾಲು ಚಪ್ಪಲಿ ಹುಡುಕುತ್ತಿತ್ತು.

ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿಕೊಂಡು ಎರಡನ್ನೂ ಅಂಗೈ ಮೇಲಿಟ್ಟು ನೋಡಿದ. "ಈ ಹಳೇದು ಡಿಡಿಆರ್ ಮೂರು, ಮೂರನೇ ತಲೆಮಾರು. ಬೆಳಿಗ್ಗೆ ಯಜಮಾನ್ರು ತಗೊಂಡುಹೋಗಿದ್ದು ನಾಲ್ಕು."

"ನಾಲ್ಕು ಮೂರಕ್ಕಿಂತ ಮೇಲಲ್ವೇನಪ್ಪಾ?" ಮಾವ ಬಿಡಲಿಲ್ಲ.

"ಮೇಲೇ. ಲಾರಿ ಟೈರೂ ಮೇಲೇ. ಸ್ಕೂಟರಿಗೆ ಹಾಕಕ್ಕಾಗುತ್ತಾ?"

ಇದು ಮಾವನಿಗೆ ಸಲೀಸಾಗಿ ಅರ್ಥವಾಯಿತು. ತಲೆಯಾಡಿಸಿದರು. ಅವನು ಬೇರೆ ಪಟ್ಟಿ ಬದಲಿಸಿ ಕೊಟ್ಟ.

ಮನೆಗೆ ಬಂದು ಹಳೆಯದರ ಜೊತೆ ಹೊಸದನ್ನು ಇಟ್ಟಾಗ, ಈ ಸಲ ಕಚ್ಚು ಉಬ್ಬಿಗೆ ಸರಿಯಾಗಿ ಬಂತು. ಓರೆಯಾಗಿ ಇಟ್ಟು ಕೆಳಗೆ ಬಾಗಿಸಿದಾಗ ಎರಡೂ ಬದಿಯ ಕ್ಲಿಪ್ಪು ಕಟಕ್ಕೆಂದು ಕಚ್ಚಿಕೊಂಡವು. ಮುಚ್ಚಳ ಮುಚ್ಚಿ ಬಟನ್ ಒತ್ತಿದಳು. ಒಳಗೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಸ್ವಲ್ಪ ಹೊತ್ತಿಗೆ ಬೀಪ್, ಬೀಪ್ ಎಂದು ಕೂಗತೊಡಗಿತು. ಆರಿಸಿ ಮತ್ತೆ ಹಚ್ಚಿದಳು. ಅದೇ ಕೂಗು.

ಇದ್ದದ್ದನ್ನೂ ಕೈಯಾರೆ ಕೊಂದೆನಲ್ಲ ಅನ್ನಿಸಿತು ಅವಳಿಗೆ. ಇಷ್ಟು ವರ್ಷ ಕೆಲಸ ಬಿಟ್ಟವಳು ಬಿಟ್ಟ ಹಾಗೇ ಇರಬೇಕಿತ್ತು. ಫೋನು ತೆಗೆದು ಹಿರಿಯಾಕೆಯ ಹೆಸರಿನ ಮೇಲೆ ಬೆರಳಿಟ್ಟಳು.

"ಯಾರಿಗೆ?" ಅಂದರು ಮಾವ.

"ನನ್ ಕೈಲಾಗಲ್ಲ ಅಂತ ಹೇಳಿಬಿಡ್ತೀನಿ. ಅವರು ಬೇರೆಯವರನ್ನಾದ್ರೂ ನೋಡ್ಕೊಳ್ಳಲಿ."

ಮಾವ ಕುರ್ಚಿ ಎಳೆದುಕೊಂಡು ಕೂತರು. "ಹೇಳುವೆಯಂತೆ. ಅವರೇನು ಓಡಿಹೋಗಲ್ಲ. ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ನಾವು ಕೊನೇಲಿ ಏನು ಮುಟ್ಟಿದ್ವಿ ಅಂತ ಮೊದಲು ನೋಡೋದು. ಕೊನೇಲಿ ಮುಟ್ಟಿದ್ದನ್ನ ತೆಗಿ."

ತೆಗೆದಳು. ಹಳೇ ಪಟ್ಟಿಯೊಂದನ್ನೇ ಇಟ್ಟು ಬಟನ್ ಒತ್ತಿದಳು. ಪರದೆ ಕೆಮ್ಮಿ, ಕ್ಯಾಕರಿಸಿ, ಎಂದಿನ ನಿಧಾನದಲ್ಲೇ ಬೆಳಗಿತು. ಹಿಡಿದಿದ್ದ ಉಸಿರು ಇಬ್ಬರ ಬಾಯಿಂದಲೂ ಒಟ್ಟಿಗೆ ಹೊರಬಿತ್ತು. ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಲ್ಯಾಪ್‌ಟಾಪು ಆರಿಸಿ ಹಳೆಯದನ್ನು ಮತ್ತೆ ಬಿಡಿಸಿ ಹೊಸದರ ಪಕ್ಕ ಇಟ್ಟಳು. ಎರಡಕ್ಕೂ ಅಂಟಿಸಿದ್ದ ಚೀಟಿಯ ಮೇಲಿನ ಅಕ್ಷರಗಳು ಇರುವೆ ಸಾಲಿನಂತಿದ್ದವು. ಮಾವ ಒಳಗಿನಿಂದ ಟಾರ್ಚ್ ತಂದರು.

"ಎಲ್ಲಿ ಹಿಡೀಲಿ, ಹೇಳು."

ಅವಳು ತಲೆಯೆತ್ತಿ ಅವರನ್ನೊಮ್ಮೆ ನೋಡಿದಳು. ಈ ಮನೆಯಲ್ಲಿ ಯಾವ ರಿಪೇರಿಗೂ ಅವರು ಬೇರೆಯವರನ್ನು ಕೇಳಿದವರಲ್ಲ. "ಇಲ್ಲಿ ಹಿಡೀರಿ, ಸ್ವಲ್ಪ ಓರೆಯಾಗಿ," ಅಂದಳು. "ನೀವು ಹಳೇದನ್ನ ಓದಿ, ನಾನು ಹೊಸದನ್ನ ನೋಡ್ತೀನಿ."

"ಪೀ," ಅಂದರು ಮಾವ, ಹಾಜರಿ ಕರೆಯುವವರ ಹಾಗೆ.

"ಪಿ, ಇದೆ."

"ಸೀ."

"ಇದೆ."

"ಮೂರು."

"ಮೂರು, ಸರಿ."

"ಎಲ್ಲು."

"ಎಲ್?" ಅವಳು ಪಟ್ಟಿಯನ್ನು ಕಣ್ಣಿಗೆ ಹತ್ತಿರ ತಂದಳು. "ಇದರಲ್ಲಿ ಎಲ್ ಇಲ್ಲ ಮಾವ! ಇನ್ನೊಂದ್ಸಲ ನೋಡಿ."

"ನೋಡೋದೇನು, ಕೊಕ್ಕೆ ಹಾಗೆ ಎದ್ದು ಕಾಣ್ತಿದೆ."

ಫೋನಿನಲ್ಲಿ ಓದಿದ್ದರಲ್ಲಿ ತಲೆಯ ಮೇಲಿಂದ ಹಾರಿಹೋಗಿದ್ದ ಅರ್ಧ ಈಗ ತಾನಾಗಿ ಬಂದು ಕೂತಿತು. ಎಲ್ ಎಂದರೆ ಕಡಿಮೆ ವೋಲ್ಟೇಜಿನಲ್ಲಿ ಓಡುವಂಥದ್ದು. ಈ ಲ್ಯಾಪ್‌ಟಾಪಿಗೆ ಅಂಥದ್ದೇ ಆಗಬೇಕು, ಬೇರೆಯದನ್ನು ಕೂರಿಸಿದರೂ ಏಳುವುದಿಲ್ಲ.

"ಒಂದಕ್ಷರಕ್ಕೆ ಇಷ್ಟು ಬಿಗುಮಾನವಾ ಇದಕ್ಕೆ!" ಅಂದರು ಮಾವ.

ಮತ್ತೆ ಅಂಗಡಿ. ಅಂಗಡಿಯವನ ಹಣೆಯ ಮೇಲಿದ್ದ ಕನ್ನಡಕ ಈ ಸಲ ಮೂಗಿಗಿಳಿಯಿತು. "ಹೌದು ನೋಡಿ, ನಾನೇ ಗಮನಿಸಬೇಕಿತ್ತು," ಎಂದು ನಾಲಿಗೆ ಕಚ್ಚಿಕೊಂಡ. "ಹದಿನಾರು ಜೀಬಿದು ಕೊಟ್ಬಿಡ್ಲಾ? ದೊಡ್ಡದು."

ಮಾವನ ಕಣ್ಣು ಮಿಂಚಿತು. ಬಾಯಿ ತೆರೆದರು, ಸೊಸೆಯ ಕಡೆ ನೋಡಿ ಮುಚ್ಚಿಕೊಂಡರು.

"ಬೇಡ," ಅಂದಳು ಅವಳು. "ಒಂದು ಸ್ಲಾಟಿಗೆ ಎಂಟೇ ಇದರ ಮಿತಿ. ಎಲ್ ಇರೋ ಎಂಟು ಕೊಡಿ. ಚೀಟಿ ನೋಡಿಯೇ ತಗೋತೀನಿ."

"ನೀವೂ ಇದೇ ಲೈನಾ ಮೇಡಂ?"

"ಇಲ್ಲ, ನಾನು ಬಿಲ್ಡಿಂಗ್ ಪ್ಲಾನ್ ಬರೀತೀನಿ."

ಬರೀತಿದ್ದೆ ಅನ್ನಲಿಲ್ಲ. ಬೀದಿಗಿಳಿದು ಸ್ವಲ್ಪ ದೂರ ನಡೆದ ಮೇಲೆ ಅದು ಅವಳ ಗಮನಕ್ಕೆ ಬಂತು. ಕರವಸ್ತ್ರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಹಳೆಯದರ ಜೊತೆ ಹೊಸದನ್ನು ಕೂರಿಸಿ ಬಟನ್ ಒತ್ತಿದಾಗ ಪರದೆ ಮೊದಲಿಗೆ ಕಪ್ಪಗೇ ಇತ್ತು. ಮಾವ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಬೀಪ್ ಬರಲಿಲ್ಲ. ಬದಲಿಗೆ ಬೆಳಕು ಬಂತು.

ಸಂಜೆ ಗಂಡ ಕೆಲಸದಿಂದ ಬಂದಾಗ ಅವಳು ತಲೆಯೆತ್ತಲಿಲ್ಲ. ಅವನು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಅವಳ ಹಿಂದೆ ನಿಂತ. ಕ್ಲಿನಿಕ್ಕಿನ ಫೈಲು ಪೂರ್ತಿ ತೆರೆದಿತ್ತು, ಒಂದು ಗೋಡೆಯೂ ಕೈಬಿಟ್ಟಿರಲಿಲ್ಲ. "ಇದನ್ನೆಲ್ಲ ನೀನೇ ಬರೆದಿದ್ದಾ?" ಎಂದು ಕೇಳಿದ.

"ಒಳಗಿನ ರೂಮುಗಳು ನಂದು. ಇನ್ನೂ ಬಾಗಿಲು ಇಡಬೇಕು."

ಅವನು ಬ್ಯಾಗು ಕೆಳಗಿಟ್ಟು, ಚಹಾ ಇಡಲು ತಾನೇ ಅಡುಗೆಮನೆಗೆ ಹೋದ. ಸಕ್ಕರೆ ಡಬ್ಬಿ ಎಲ್ಲಿ ಎಂದು ಅಲ್ಲಿಂದ ಕೂಗಿದ. ಮಗಳು ಓಡಿಹೋಗಿ ತೋರಿಸಿದಳು.

ಅವಳು ಮೌಸ್ ಹಿಡಿದು ಇಡೀ ಕಟ್ಟಡವನ್ನು ನಿಧಾನಕ್ಕೆ ಎಡಕ್ಕೆ ತಿರುಗಿಸಿದಳು. ಕಿಟಕಿಗಳು, ಮೆಟ್ಟಿಲು, ಹಿಂದಿನ ಅಂಗಳ ಒಂದೊಂದಾಗಿ ಎದುರಿಗೆ ಬಂದವು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮಾವ, ತಮಗೇ ಗೊತ್ತಿಲ್ಲದೆ, ಆ ತಿರುವಿನ ಜೊತೆಗೇ ಮೈ ವಾಲಿಸುತ್ತಿದ್ದರು.