ಮಾಮಿಯ ಚೀಲದಲ್ಲಿ ಇಲ್ಲದ ಮಾತ್ರೆ

ಫ್ಯಾನಿನ ಗಾಳಿಗೆ ಆಸ್ಪತ್ರೆಯ ಗೋಡೆಯ ಕ್ಯಾಲೆಂಡರು ಪಟಪಟ ಬಡಿದುಕೊಳ್ಳುತ್ತಿದೆ, ಸರಿಮಾಡುವ ಮನಸ್ಸು ಯಾರಿಗೂ ಇಲ್ಲ, ಸುಪ್ರಿತಾಳಿಗೂ ಇಲ್ಲ, ಎದ್ದರೆ ಎಲ್ಲರೂ ನೋಡುತ್ತಾರೆ, ನೋಡಿದರೆ ಗೊತ್ತಾಗಿಬಿಡುತ್ತದೇನೋ — ಬೆಳಿಗ್ಗೆ ಬಚ್ಚಲಲ್ಲಿ ಒಳಬಟ್ಟೆಯ ಮೇಲೆ ಕಂಡ ಆ ಕಂದು ಕಲೆ, ಹುಣಸೆಬೀಜದಷ್ಟೇ, ಆದರೂ ಬರಬಾರದ ಹೊತ್ತಿನಲ್ಲಿ ಬಂದದ್ದು, ಸ್ಟ್ರಿಪ್ಪಿನಲ್ಲಿ ಇನ್ನೂ ಮಾತ್ರೆ ಉಳಿದಿರುವಾಗ, ಒಂದು ದಿನವೂ ತಪ್ಪಿಸದಿರುವಾಗ. ಯಾರಿಗೂ ಹೇಳಿಲ್ಲ. ಪಕ್ಕದಲ್ಲೇ ದಮಯಂತಿ ಮಾಮಿ, ಗಂಡನ ತಾಯಿ, ಮಡಿಲಲ್ಲಿ ಬಟ್ಟೆಯ ಚೀಲ, ಚೀಲದ ತುಂಬ ಕಬ್ಬಿಣದ ಟಾನಿಕ್ಕು ಮೊದಲಾಗಿ ಸೊಸೆಗೆ ತಿನ್ನಿಸುವ ಕುಡಿಸುವ ಔಷಧಗಳು, ಕೋಡಿಂಬಾಳದಿಂದ ಪುತ್ತೂರಿನವರೆಗೂ ಬಸ್ಸು ತಿರುಗಿದಲ್ಲೆಲ್ಲ ಟಣಟಣ ಅಂದವು, ಎಲ್ಲವನ್ನೂ ಡಾಕ್ಟರಿಗೆ ತೋರಿಸಬೇಕಂತೆ, ಒಂದನ್ನೂ ಬಿಡಬಾರದಂತೆ, ಮದುವೆಯಾಗಿ ವರ್ಷವಾಗುತ್ತ ಬಂತು ಇನ್ನೂ ವಿಶೇಷ ಇಲ್ಲ ಎಂದರೆ ಎಂತದೋ ತೊಂದರೆ ಇರಬೇಕಲ್ಲ, ಮಾಮಿ ಅದನ್ನು ಆಚೆ ಕೂತ ನಫೀಸಮ್ಮನಿಗೆ ಹೇಳುತ್ತಿದ್ದಾರೆ, ಹತ್ತು ನಿಮಿಷದ ಹಿಂದೆ ಪರಿಚಯವಾದವರು, ಮಗಳ ಸ್ಕ್ಯಾನಿಂಗಿಗೆ ಬಂದವರು, ನಮ್ಮ ಸೊಸೆ ಒಳ್ಳೆಯವಳು ಮಾರಾಯ್ರೆ, ಬಾಯಿಯೇ ಇಲ್ಲ ಅವಳಿಗೆ. ನಫೀಸಮ್ಮ ಕಣ್ಣೋಟದಲ್ಲೇ ಸುಪ್ರಿತಾಳನ್ನು ತೂಗಿ, ಅಲ್ಲ ದಮಯಂತಕ್ಕ, ವರ್ಷಕ್ಕೇ ಇಷ್ಟು ಗಡಿಬಿಡಿ ಎಂತಕ್ಕೆ, ಅವಳು ಕುಕ್ಕರಾ, ಇಟ್ಟ ಕೂಡ್ಲೇ ವಿಸಿಲ್ ಹಾಕ್ಲಿಕ್ಕೆ? ಮಾಮಿಗೂ ನಗು ಬಂತು, ಸುಪ್ರಿತಾ ನೆಲ ನೋಡಿದಳು, ಒಳಗೊಳಗೇ ನಕ್ಕಳು.

ಬಾಯಿಯೇ ಇಲ್ಲ. ಇಲ್ಲದಿದ್ದರೆ ಕಡಬದ ಆಸ್ಪತ್ರೆಗೆ ಒಬ್ಬಳೇ ಹೋದದ್ದು ಯಾರು, ಸಿಸ್ಟರಿನ ಎದುರು ಕೂತು, ಬಿ.ಎಡ್. ಮುಗಿಯುವವರೆಗೆ ಮಗು ಬೇಡ ಮೇಡಂ ಎಂದದ್ದು ಯಾರು, ಅಷ್ಟು ಹೇಳುವಷ್ಟರಲ್ಲಿ ಬೆವರಿ ಕುತ್ತಿಗೆಯವರೆಗೆ ಒದ್ದೆಯಾಗಿದ್ದಳು, ಆದರೂ ಹೇಳಿದಳು. ರಕ್ತದೊತ್ತಡ ನೋಡಿದರು, ಅರೆತಲೆನೋವು ಉಂಟಾ, ಕಾಲು ಬಾತು ನೋಯುದು ಉಂಟಾ ಎಂದೆಲ್ಲ ಕೇಳಿದರು, ಒಳಗಿನ ಡಾಕ್ಟರಿಗೆ ತೋರಿಸಿ ಗರ್ಭನಿರೋಧಕ ಮಾತ್ರೆ ಕೊಟ್ಟರು, ಬೇರೆ ಎಂತ ಔಷಧ ಶುರು ಮಾಡುದಿದ್ರೂ ಮೊದಲು ನಮ್ಮ ಹತ್ರ ಕೇಳಿ ಎಂದು ಎರಡು ಸಲ ಹೇಳಿದರು. ಹಿಂದಿರುಗುವಾಗ ಕಡಬದ ಪೇಟೆಯಲ್ಲಿ ತನ್ನ ನಡಿಗೆಯೇ ಬೇರೆ ಇತ್ತು, ಚಪ್ಪಲಿಯ ಸದ್ದು ತನ್ನದೇ ಎಂದು ಅನಿಸಿದ್ದು ಅದೇ ಮೊದಲು, ಕಾಲೇಜು ಅಪ್ಪ ಆರಿಸಿದ್ದು, ಗಂಡನನ್ನು ಚಿಕ್ಕಪ್ಪ ನೋಡಿದ್ದು, ಮದುವೆಯ ಸೀರೆಯನ್ನೂ ಅತ್ತಿಗೆಯಂದಿರು ಒಪ್ಪಿದ್ದು, ಇದೊಂದು ಮಾತ್ರ ಅವಳದ್ದು, ಆ ರಾತ್ರಿ ಡೈರಿಯಲ್ಲಿ ಬರೆಯಲಿಕ್ಕೆ ಕೂತರೆ ಹೆಮ್ಮೆ ಎಂಬ ಮಾತು ಬರೆಯಲಿಕ್ಕೇ ನಾಚಿಕೆಯಾಗಿ ಬರೀ ಮಳೆಯ ವಿಷಯ ಬರೆದಿದ್ದಳು. ಸಂಪ್ರೀತನಿಗೆ ಗೊತ್ತು, ಗಂಡ ಕೆಟ್ಟವನಲ್ಲ, ಓದು ಮುಗೀಲಿ, ಅಮ್ಮನಿಗೆ ನಾನೇ ಹೇಳ್ತೇನೆ ಎಂದಿದ್ದ, ನಾಳೆ ಹೇಳುವ, ಭತ್ತ ಕೊಯ್ದಾದ ಮೇಲೆ ಹೇಳುವ, ಇವತ್ತು ಬಸ್ಸು ಹತ್ತಿಸುವಾಗಲೂ ಕಿವಿಯ ಹತ್ತಿರ ಬಗ್ಗಿ, ಸುಮ್ಮನೆ ಹೋಗಿ ಬಾ ಸುಪ್ರೀ, ಎಂತಾದ್ರೂ ಬರೆದು ಕೊಟ್ರೆ ತಗೊಂಡ ಹಾಗೆ ಮಾಡಿದ್ರಾಯ್ತು. ತಗೊಂಡ ಹಾಗೆ. ಮಾಮಿ ಎದುರು ನಿಂತು ಬಾಯಿ ತೆರೆಸಿ ಗುಳಿಗೆ ಹಾಕುವವರು ಎಂದು ಇವನಿಗೆ ಗೊತ್ತಿಲ್ಲವೇ.

ಮುಚ್ಚಿಡುವುದರಿಂದಲೇ ನಿದ್ದೆ ಕೆಟ್ಟದ್ದು, ಮಾಮಿ ಪ್ರತಿ ತಿಂಗಳು ಮುಖ ನೋಡುತ್ತಾರೆ, ಹೊಟ್ಟೆ ನೋಡುತ್ತಾರೆ, ಪಾಪ ಏನೂ ಅನ್ನುವುದಿಲ್ಲ, ಕಣ್ಣ ಕೆಳಗೆ ಕಪ್ಪಾಗಿದ್ದನ್ನು ನೋಡಿ ಮರುಗಿದವರೂ ಅವರೇ, ನೆರೆಮನೆಯ ರುಖಿಯಮ್ಮನ ಮಗಳು ದುಬೈಯಿಂದ ತಂದ ಡಬ್ಬಿಗಳನ್ನು ಕೇಳಿ ತಂದವರೂ ಅವರೇ, ಗಿಡಮೂಲಿಕೆಯದ್ದು ಮಗಾ, ಎಂತ ಆಗುದಿಲ್ಲ, ಮನಸ್ಸು ತಣ್ಣಗಾಗ್ತದೆ, ನಿದ್ದೆ ಬರ್ತದೆ. ಒಂದು ಕ್ಯಾಪ್ಸೂಲು, ಒಂದು ಮಿಠಾಯಿಯಂಥ ನಿದ್ದೆಯ ಗುಳಿಗೆ, ನಿದ್ದೆ ಬಂತು, ಬೆಳಗಾದರೂ ಬಿಡದಷ್ಟು ಬಂತು, ಗಿಡಮೂಲಿಕೆಯಲ್ಲವೇ ಎಂದು ಅವಳೂ ಸಿಸ್ಟರನ್ನು ಕೇಳಲಿಲ್ಲ, ಇವತ್ತು ಆ ಕಲೆ ಕಂಡ ಮೇಲೆ ಕ್ಯಾಪ್ಸೂಲಿನ ಡಬ್ಬಿ ತಿರುಗಿಸಿ ಇರುವೆಸಾಲಿನಂಥ ಅಕ್ಷರ ಓದಿದಳು, ಹೈಪೆರಿಕಮ್, ಎಂತದೋ ಗಿಡದ ಹೆಸರು, ಗರ್ಭನಿರೋಧಕ ಮಾತ್ರೆಯ ಜೊತೆ ಬೇಡ ಎಂದು ಅಲ್ಲೇ ಇತ್ತು, ಇಷ್ಟು ದಿನ ಅಲ್ಲೇ ಇತ್ತು. ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಮಾಮಿ ಮಲ್ಲಿಗೆ ಕೊಳ್ಳಲು ಹೋದಾಗ ಸಿಸ್ಟರಿಗೆ ಫೋನು, ತಡೀರಿ ಡಾಕ್ಟ್ರ ಹತ್ರ ಕೇಳ್ತೇನೆ ಎಂದು ಹೋಗಿ ಬಂದು ಅವರು ಹೇಳಿದ್ದು ಒಂದೂ ಬಿಡದೆ ನೆನಪಿದೆ — ಆ ಗಿಡ ನಿಮ್ಮ ಮಾತ್ರೆಯ ಶಕ್ತಿಯನ್ನು ಮೈಯಿಂದ ಬೇಗ ಹೊರಗೆ ಹಾಕ್ತದೆ, ಕಲೆ ಅದರಿಂದಲೇ ಇರಬಹುದು, ಕ್ಯಾಪ್ಸೂಲು ಇವತ್ತೇ ನಿಲ್ಲಿಸಿ, ನಿಲ್ಲಿಸಿದ್ರೂ ಅದರ ಪ್ರಭಾವ ಕೆಲವು ವಾರ ಇರ್ತದೆ, ಅಷ್ಟು ದಿನ ಕಾಂಡೋಮೂ ಬೇಕು, ಮಾತ್ರೆ ಬಿಡಬೇಡಿ, ಕಬ್ಬಿಣದ ಟಾನಿಕ್ಕು ತೊಂದರೆ ಇಲ್ಲ, ಆ ನಿದ್ದೆಯ ಗುಳಿಗೆ ಈ ಮಾತ್ರೆಯ ಜೊತೆ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುದು, ಬೆಳಗ್ಗಿನ ತೂಕಡಿಕೆ ಅದೇ, ಗರ್ಭ ನಿಂತಿದೆಯಾ ಅಂತ ಒಂದು ಪರೀಕ್ಷೆ ಮಾಡಿಸಿಬಿಡಿ, ಇವತ್ತಿನ ಡಾಕ್ಟ್ರಿಗೆ ಎಲ್ಲ ಹೇಳಿ, ಹೇಳದೆ ಹೊಸ ಮಾತ್ರೆ ಒಂದೂ ನುಂಗಬೇಡಿ. ನೋಡು ಎಂಥ ಸುತ್ತು, ಬಚ್ಚಿಟ್ಟದ್ದಕ್ಕೆ ನಿದ್ದೆ ಕೆಟ್ಟಿತು, ನಿದ್ದೆಗೆಂದು ಕ್ಯಾಪ್ಸೂಲು ಬಂತು, ಕ್ಯಾಪ್ಸೂಲು ಬಚ್ಚಿಟ್ಟದ್ದನ್ನೇ ತಿಂದಿತು, ಹೇಳಿದ್ದರೆ ಮಾಮಿ ಆ ಡಬ್ಬಿ ತರುತ್ತಲೇ ಇರಲಿಲ್ಲ — ಆದರೂ ಓದಿ ಹಿಡಿದದ್ದು ನಾನು, ಎದೆಯಲ್ಲಿ ಏನೋ ನೆಟ್ಟಗಾಗುತ್ತದೆ, ಸುಳ್ಯದ ಶಾಲೆಯಲ್ಲಿ ಬಿ.ಎಡ್.ನ ಮೊದಲ ಅಭ್ಯಾಸಪಾಠಕ್ಕೆ ನಿಂತು ಸ್ವರ ಹೊರಡದೆ ಬರೀ ಬೋರ್ಡಿನ ಮೇಲೆ ಬರೆದದ್ದು, ಆಮೇಲೆ ಹಿಂದಿನ ಬೆಂಚಿನ ಹುಡುಗಿ ಟೀಚರ್ ಕೇಳುದಿಲ್ಲ ಎಂದಾಗ ಎಲ್ಲಿಂದಲೋ ಬಂದುಬಿಟ್ಟ ಆ ದೊಡ್ಡ ಸ್ವರ, ಅದು ತನ್ನದೇ ಆಗಿತ್ತಲ್ಲ. ಬಾಗಿಲಿನಿಂದ ನರ್ಸಿನ ಕರೆ, ಸುಪ್ರಿತಾ ಯಾರು, ಒಳಗೆ ಬನ್ನಿ.

ಒಳಗೆ ಡಾಕ್ಟರಮ್ಮ, ಕನ್ನಡಕದ ಮೇಲಿಂದ ಒಂದು ನೋಟ, ಮಾಮಿ ಚೀಲ ಬಿಚ್ಚಿ ಬಾಟ್ಲಿ ಡಬ್ಬಿಗಳನ್ನು ಮೇಜಿನ ಮೇಲೆ ಜೋಡಿಸುತ್ತಾರೆ, ಎಷ್ಟು ಪ್ರೀತಿಯಿಂದ, ಹೆಸರಿನ ಚೀಟಿ ಎಲ್ಲ ಡಾಕ್ಟರ ಕಡೆಗೆ ತಿರುಗಿಸಿ, ಮುಚ್ಚಳ ಒರೆಸಿ, ಎಂತ ಬಿಟ್ಟಿಲ್ಲ ಡಾಕ್ಟ್ರೇ, ಎಲ್ಲ ಸರಿಯಾಗಿ ತಗೊಳ್ತಾಳೆ, ಆದ್ರೂ ನಿಲ್ಲುದಿಲ್ಲ. ಡಾಕ್ಟರಮ್ಮ ಪೆನ್ನು ತೆಗೆದರು, ಗರ್ಭ ನಿಲ್ಲಲಿಕ್ಕೆ ಒಂದು ಮಾತ್ರೆ ಬರೀಬಹುದು, ಅದಕ್ಕೆ ಮೊದಲು, ಇದಲ್ಲದೆ ಬೇರೆ ಎಂತಾದ್ರೂ ತಗೊಳ್ತೀರಾ, ಪೆನ್ನಿನ ತುದಿ ಹಾಳೆಗೆ ತಾಗಲು ಕೂದಲೆಳೆಯಷ್ಟು ಬಾಕಿ. ಇಲ್ಲ ಇಲ್ಲ, ಮಾಮಿ ಅವಳ ಪರವಾಗಿ ಹೇಳಿಯೇಬಿಟ್ಟರು, ನಾನೇ ಅಲ್ವಾ ಕೊಡುದು. ತಾನೂ ಇಲ್ಲ ಎಂದರೆ ಪೆನ್ನು ಇಳಿಯುತ್ತದೆ, ಆ ತುದಿ, ನೀಲಿ, ಒಂದು ಹನಿ ಶಾಯಿ ಕಟ್ಟಿಕೊಂಡಿದೆ, ಮಾಮಿಯ ಮುಡಿಯ ಮಲ್ಲಿಗೆ ಘಮ್ಮೆನ್ನುತ್ತದೆ, ಉಂಟು ಎಂದರೆ ಮಾಮಿಯ ಈ ಮುಖ ಬಾಡುತ್ತದೆ, ಬಾಡಲಿ, ಇವರ ಕೈಯ ಪ್ರೀತಿಗೂ ನಿಜವೇ ಸಿಗಬೇಕಲ್ಲ, ಸಂಪ್ರೀತ ಹೇಳುವುದಿಲ್ಲ, ನನ್ನದನ್ನು ನಾನೇ, ಪೆನ್ನಿನ ತುದಿ, ಇಳಿಯದೆ ನಿಂತ ಪೆನ್ನಿನ ತುದಿ, ಬೆನ್ನು ನೆಟ್ಟಗೆ ಮಾಡಿ ಸುಪ್ರಿತಾ ಡಾಕ್ಟರ ಕಡೆಗಲ್ಲ, ಮಾಮಿಯ ಕಡೆಗೆ ತಿರುಗಿದಳು, ಹಿಂದಿನ ಬೆಂಚಿಗೂ ಕೇಳುವ ಸ್ವರದಲ್ಲಿ —

ಉಂಟು ಮಾಮಿ. ಮಕ್ಕಳು ಆಗದ್ದಲ್ಲ, ಈಗ ಬೇಡ ಅಂತ ನಾನೇ ಮಾತ್ರೆ ತಗೊಳ್ತಾ ಇದ್ದೇನೆ.