ಹದಿನಾಲ್ಕು ಹಾಳೆಗೆ ಕುಂಕುಮ

ಗಗನಳ ಕೋಣೆಗೆ ಚಿಲಕ ಇರಲಿಲ್ಲ.

ಶ್ರೀರಾಂಪುರದ ಆ ಮನೆ ಕಟ್ಟುವಾಗ ಅದನ್ನು ಸಾಮಾನಿನ ಕೋಣೆ ಅಂದುಕೊಂಡಿದ್ದರು. ಅಕ್ಕಿಮೂಟೆಗೆ ಚಿಲಕ ಯಾಕೆ ಎಂದು ಬಡಗಿ ಬಾಗಿಲನ್ನಷ್ಟೇ ಕೂರಿಸಿ ಹೋಗಿದ್ದ. ಆಮೇಲೆ ಅಲ್ಲಿಗೆ ಗಗನಳ ಮೇಜು ಬಂತು, ಬಣ್ಣ ಬಂತು, ಕಾಗದ ಬಂತು. ಚಿಲಕ ಬರಲಿಲ್ಲ. ಗಂಡ ಮಹೇಂದ್ರನನ್ನು ಅವಳು ಮೂರು ಸಲ ಕೇಳಿದ್ದಳು. "ಮನೇಲಿರೋದೇ ನಾಲ್ಕು ಜನ. ಯಾರಿಂದ ಬಚ್ಚಿಟ್ಕೋಬೇಕು ನೀನು?" ಎಂದು ಅವನು ಮೂರು ಸಲವೂ ನಕ್ಕಿದ್ದ. ಬಾಗಿಲು ತಳ್ಳಿದ ಸದ್ದಿಗೆ ತಲೆಯೊಳಗೆ ಜೋಡಿಸಿಕೊಂಡದ್ದೆಲ್ಲ ಕುಸಿಯುತ್ತದೆ, ಮತ್ತೆ ಜೋಡಿಸಲು ಒಂದು ಗಂಟೆ ಬೇಕು ಎಂದು ಅವಳು ವಿವರಿಸಿದರೆ ಅದು ಅವನಿಗೆ ಕೊಬ್ಬಿನ ಮಾತಿನಂತೆ ಕೇಳುತ್ತಿತ್ತು. ನಾಲ್ಕನೆಯ ಸಲ ಅವಳು ಕೇಳಲಿಲ್ಲ.

ಚಿಲಕದ ಬದಲು ಕೆಂಪು ದಾರ ಬಂತು. ಅದು ಎರಡನೇ ಕ್ಲಾಸಿನ ಮಗಳು ವರ್ಷಿಣಿಯ ಉಪಾಯ. ಅತ್ತೆ ಪುಟ್ಟತಾಯಮ್ಮನವರಿಗೆ ಓದು ಬರದು, ಹಾಗಾಗಿ ಚೀಟಿ ಅಂಟಿಸಿ ಪ್ರಯೋಜನವಿರಲಿಲ್ಲ. ಬಾಗಿಲ ಹಿಡಿಗೆ ದಾರ ತೂಗಿದ್ದರೆ ಅಮ್ಮ ಒಳಗೆ ಕೆಲಸದಲ್ಲಿದ್ದಾಳೆ, ಯಾರೂ ತಳ್ಳಬಾರದು. ದಾರ ಇಲ್ಲದಿದ್ದರೆ ಬರಬಹುದು. ದಿನಾ ಹತ್ತರಿಂದ ಹನ್ನೆರಡೂವರೆ. ಪುಟ್ಟತಾಯಮ್ಮ ಆ ದಾರಕ್ಕೆ ದೇವರಮನೆಯ ಹೊಸ್ತಿಲಿಗೆ ಕೊಡುವ ಮರ್ಯಾದೆ ಕೊಟ್ಟರು. ಒಮ್ಮೆ ಗ್ಯಾಸಿನವನು ಸಿಲಿಂಡರ್ ಹೊತ್ತು ತಂದು ಫೋನಿಗೆ ಬಂದ ನಂಬರ್ ಹೇಳಿ ಎಂದಾಗಲೂ "ದಾರ ಅದೆ ಕಣಪ್ಪ, ಹನ್ನೆರಡೂವರೆ ಮ್ಯಾಕೆ ಬಾ" ಎಂದು ತಿರುಗಿ ಕಳಿಸಿದ್ದರು. ಅವನು ಬಂದದ್ದು ಮೂರು ದಿನದ ಮೇಲೆ.

ಗಗನಳಿಗೆ ಆಟಿಸಂ ಇದೆ ಎಂಬುದು ಮಾತ್ರ ಪುಟ್ಟತಾಯಮ್ಮನಿಗೆ ಗೊತ್ತಿರಲಿಲ್ಲ. ಮೂರು ವರ್ಷದ ಹಿಂದೆ ಜಯಲಕ್ಷ್ಮಿಪುರಂನ ವೈದ್ಯೆಯೊಬ್ಬರು ಅದನ್ನು ಎರಡು ಪುಟದಲ್ಲಿ ಬರೆದುಕೊಟ್ಟಿದ್ದರು. ಆಗ ಗಗನಳಿಗೆ ಮೂವತ್ತೊಂದು. ಹುಟ್ಟಿದಾಗಿನಿಂದ ಇದ್ದದ್ದೇ, ಯಾರೂ ನೋಡಿರಲಿಲ್ಲ, ಅಷ್ಟೆ. ಶಾಲೆಯಲ್ಲಿ ಜಂಬದವಳು, ಮದುವೆಮನೆಗಳಲ್ಲಿ ಮುಖ ಗಂಟುಹಾಕಿಕೊಂಡವಳು, ಬಾಣಂತನದಲ್ಲಿ ಕಲ್ಲುಮನಸ್ಸಿನವಳು ಎಂದು ಅನ್ನಿಸಿಕೊಂಡದ್ದಕ್ಕೆಲ್ಲ ಒಂದು ಸರಿಯಾದ ಹೆಸರು ಸಿಕ್ಕಿತು. ಮಹೇಂದ್ರ ಆ ಎರಡು ಪುಟವನ್ನು ಗಾಡಿ ಇನ್ಶೂರೆನ್ಸಿನ ಫೈಲಿಗೆ ಸೇರಿಸಿದ.

ಮರುವರ್ಷ ಮಾವ ತೀರಿಕೊಂಡು ಅತ್ತೆ ಊರಿನಿಂದ ಇವರ ಮನೆಗೆ ಬಂದಾಗ ಅವನು ಹೇಳಿದ: "ಅವ್ವಂಗೆ ಹೇಳೋದ್ ಬೇಡ. ನಾಳೆ ಊರಿಗೆಲ್ಲ ಗೊತ್ತಾಗುತ್ತೆ. ಸೊಸೆಗೆ ತಲೆ ಸರಿ ಇಲ್ಲ ಅಂತಾರೆ."

ಗಗನಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಯಾರೂ ಕೇಳದ್ದನ್ನು ಹೇಳದೆ ಇರಲು ಬರುತ್ತಿತ್ತು.

ಮಿಕ್ಸಿ ತಿರುಗುವಾಗ ಅವಳು ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದಳು. ಸೊಸೆ ಹಾಡು ಕೇಳುತ್ತಾಳೆ ಅಂತಲೇ ಅತ್ತೆ ತಿಳಿದಿದ್ದರು. "ಅದೇನ್ ಪದ ಅಂಗ್ ಕೇಳ್ತೀಯವ್ವ, ನಂಗೂ ವಸಿ ಕೇಳ್ಸು" ಎಂದು ಒಂದು ದಿನ ತಾವೇ ತಲೆಗೆ ಏರಿಸಿಕೊಂಡರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತು, "ಏನೂ ಬರಾಕಿಲ್ವಲ್ಲ, ಕೆಟ್ಟೋಗದೆ ಕಣೆ" ಎಂದು ವಾಪಸ್ ಕೊಟ್ಟರು. ಗಗನ ತೆಗೆದುಕೊಂಡು ಹಾಕಿಕೊಂಡಳು.

ಅವಳು ಮೂರು ವರ್ಷದಿಂದ ಬರೆಯುತ್ತಿದ್ದದ್ದು ಮಕ್ಕಳ ಪುಸ್ತಕ. ಒಂದು ಮನೆಯ ಸದ್ದುಗಳು. ಪುಟಕ್ಕೊಂದು ಸದ್ದು, ಅದರ ಚಿತ್ರ, ಕೆಳಗೆ ನಾಲ್ಕು ಸಾಲು. ಕುಕ್ಕರಿನ ಸೀಟಿ ಅವಳಿಗೆ ನೀಲಿಯ ಮೊನೆಯಾಗಿ ಕಾಣುತ್ತಿತ್ತು, ಹಾಗೇ ಬರೆದಳು. ಮಿಕ್ಸಿ ಕಂದುಬಣ್ಣದ ಹಲ್ಲುಗಳು. ಗೇಟು, ನೀರಿನ ಮೋಟರು, ಪಕ್ಕದ ಮನೆಯ ನಾಯಿ, ಒಗೆಯುವ ಕಲ್ಲು. ಎಲ್ಲ ನೀರಿನ ಬಣ್ಣ. ಮಗುವಿನ ಜ್ವರ, ಶಾಲೆಯ ರಜೆ, ನೆಂಟರು, ಗೃಹಪ್ರವೇಶಗಳು ಕಳೆದು ಉಳಿದ ಎರಡೂವರೆ ಗಂಟೆಗಳಲ್ಲಿ ಹದಿಮೂರು ಚಿತ್ರ ಮುಗಿದು ಕೊನೆಯದೊಂದು ಉಳಿದಿತ್ತು. ಲಷ್ಕರ್ ಮೊಹಲ್ಲಾದಲ್ಲಿ ಸಣ್ಣ ಪ್ರಕಾಶನ ನಡೆಸುವ ಸುದರ್ಶನ, ಮುಗಿದಷ್ಟನ್ನು ಕೊಡಿ, ಸ್ಕ್ಯಾನ್ ಮಾಡಿಟ್ಟುಕೊಳ್ಳುತ್ತೇನೆ ಎಂದು ಎರಡು ಸಲ ಕೇಳಿದ್ದರು. ಎಲ್ಲ ಮುಗಿದ ಮೇಲೆ ಒಟ್ಟಿಗೆ, ಅನುಕ್ರಮವಾಗಿ ಕೊಡುತ್ತೇನೆ ಎಂದಳು. ಬಿಡಿಬಿಡಿಯಾಗಿ ಮನೆಯಿಂದ ಹೊರಗೆ ಹೋದರೆ ಅವಳಿಗೆ ಮುಂದಿನದು ಬರುತ್ತಿರಲಿಲ್ಲ. ಅದು ಅವಳ ತಪ್ಪು. ಈಗಲೂ ಒಪ್ಪುತ್ತಾಳೆ.

ದಸರೆಗೆ ವಾರವಿದೆ ಎನ್ನುವಾಗ ಸುದರ್ಶನ ಚಿತ್ರ ನೋಡಲು ಮನೆಗೇ ಬಂದರು. ಗಗನ ಹಾಳೆಗಳನ್ನು ಒಂದೊಂದಾಗಿ ತೋರಿಸಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ನಲವತ್ತು ನಿಮಿಷಕ್ಕೆ ಅವಳ ಮಾತು ತೀರಿತು. ಎದ್ದು ಕೋಣೆಗೆ ಹೋಗಿ ದಾರ ಕಟ್ಟಿಕೊಂಡಳು. ಕಾಫಿ ಲೋಟ ಹಿಡಿದು ಬಂದ ಪುಟ್ಟತಾಯಮ್ಮ ಬಂದವರ ಎದುರು ನಾಚಿ ನಿಂತರು.

"ತಪ್ಪು ತಿಳ್ಕಬ್ಯಾಡಿ ಸಾ. ನಮ್ ಹುಡ್ಗಿ ವಸಿ ಅಂಗೇಯ."

"ಹಂಗೇ ಇರ್ಲಿ ಬಿಡಿ ಅಮ್ಮಾ" ಎಂದರು ಸುದರ್ಶನ. "ಇಪ್ಪತ್ತು ವರ್ಷದಿಂದ ಪುಸ್ತಕ ಮಾಡ್ತಿದೀನಿ. ಇಂಥ ಕೈ ನೋಡಿಲ್ಲ. ಇದು ದೊಡ್ಡ ಕೆಲಸ ಕಣಮ್ಮ." ಹೋಗುವಾಗ ಮುಚ್ಚಿದ ಬಾಗಿಲಿಗೆ ಕೈ ಮುಗಿದು ಹೋದರು.

ಗಗನ ಒಳಗಿನಿಂದಲೇ ಅದನ್ನು ಕೇಳಿಸಿಕೊಂಡಳು. ಅತ್ತೆಯೂ ಕೇಳಿಸಿಕೊಂಡರು. ಅಲ್ಲಿಯವರೆಗೆ ಅವರ ಬಾಯಲ್ಲಿ ಅದು ಗೀಚುವುದು. ಅವತ್ತು ಸಂಜೆ ಪಕ್ಕದ ಮನೆಯ ಇಂದ್ರಮ್ಮನಿಗೆ ಕಾಂಪೌಂಡಿನ ಮೇಲಿಂದ, "ನಮ್ ಸೊಸೆ ಕೆಲ್ಸ ಮುಗೀತಾ ಬಂತು" ಎಂದರು.

ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ಹದಿನಾಲ್ಕನೆಯದು ಮುಗಿಯಿತು. ಹಬ್ಬ ಕಳೆದು ಸೋಮವಾರ ಸುದರ್ಶನರ ಕೈಗೆ. ಗಗನ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ ಒಣಗಲು ಬಿಟ್ಟಳು.

ಮಹೇಂದ್ರ ಬೈಕ್ ಶೋರೂಮಿನ ಸರ್ವೀಸ್ ವಿಭಾಗದಲ್ಲಿ ಸೂಪರ್‌ವೈಸರ್. ಹಬ್ಬದ ಬೆಳಗ್ಗೆ ಏಳಕ್ಕೇ ಅಲ್ಲಿಯ ಪೂಜೆಗೆ ಹೋದ. ವರ್ಷಿಣಿ ಬಕೆಟ್ ಹಿಡಿದು ನಿಂತಿದ್ದಳು.

"ಅಮ್ಮ, ಸ್ಕೂಟರ್ ತೊಳ್ಯೋಣ ಬಾ. ಎಲ್ಲರ್ ಮನೇಲೂ ಅಮ್ಮಂದ್ರೇ ತೊಳೀತಿದಾರೆ."

ಬೀದಿಯಲ್ಲಿ ಆಗಲೇ ಮೂರು ಮನೆಯವರು ಪೈಪೋಟಿಗೆ ಬಿದ್ದು ಹಾಡು ಹಚ್ಚಿದ್ದರು. ಬೇರೆ ದಿನವಾಗಿದ್ದರೆ ಗಗನ ಆಗಲ್ಲ ಅನ್ನುತ್ತಿದ್ದಳು. ಅವತ್ತು ಕೆಲಸ ಮುಗಿದಿತ್ತು. ಮೂರು ವರ್ಷದಲ್ಲಿ ಮಗಳಿಗೆ ಎಷ್ಟು ಆಗಲ್ಲಗಳನ್ನು ಕೊಟ್ಟಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ಬೀದಿಗೆ ಇಳಿದಳು. ಮಗಳು ಪೈಪ್ ಹಿಡಿದಳು, ಇವಳು ಸೋಪು ತಿಕ್ಕಿದಳು. ವರ್ಷಿಣಿ ಬೇಕೆಂದೇ ಅಮ್ಮನ ಕಾಲಿಗೆ ನೀರು ಬಿಟ್ಟು ನಕ್ಕಳು. ನಗುವ ಸದ್ದು ಹೆಡ್‌ಫೋನ್ ದಾಟಿ ಬಂತು. ಗಗನಳಿಗೆ ಅದು ಕಷ್ಟವಾಗಲಿಲ್ಲ. ಕನ್ನಡಿ, ಮಡ್‌ಗಾರ್ಡ್, ಚಕ್ರದ ಕಡ್ಡಿ, ಒಂದೂ ಬಿಡದೆ ತೊಳೆದರು. ಮುಕ್ಕಾಲು ಗಂಟೆ ಹಿಡಿಯಿತು.

ಬಾಗಿಲ ಹಿಡಿಗೆ ದಾರ ಇರಲಿಲ್ಲ. ಅವಳು ಒಳಗೆ ಇರಲಿಲ್ಲವಲ್ಲ.

ಒದ್ದೆ ಕಾಲಲ್ಲಿ ಒಳಗೆ ಬಂದಾಗ ದೇವರಮನೆ ಸಿದ್ಧವಾಗಿತ್ತು. ಪುಟ್ಟತಾಯಮ್ಮ ಊರಿನಿಂದ ಸೀರೆಯಲ್ಲಿ ಸುತ್ತಿ ತಂದಿದ್ದ ಕುಡುಗೋಲು, ಈಳಿಗೆಮಣೆ, ಮಹೇಂದ್ರನ ಪಾನಾಗಳು, ವರ್ಷಿಣಿಯ ಜಾಮಿಟ್ರಿ ಬಾಕ್ಸು. ಅವುಗಳ ಮುಂದೆ, ಎಲ್ಲಕ್ಕಿಂತ ಮುಂದೆ, ರಂಗೋಲಿ ಹಾಕಿದ ಮಣೆಯ ಮೇಲೆ ಗಗನಳ ಕುಂಚಗಳು, ಹದಿನಾಲ್ಕು ಹಾಳೆಗಳು. ಫ್ಯಾನಿನ ಗಾಳಿಗೆ ಹಾರದ ಹಾಗೆ ಒಂದರ ಮೇಲೊಂದು ಜೋಡಿಸಿತ್ತು. ಮೇಲಿನ ಹಾಳೆಗೆ ಕಲಸಿದ ವಿಭೂತಿಯ ಮೂರು ಪಟ್ಟೆ, ನಾಲ್ಕು ಮೂಲೆಗೆ ಅರಿಸಿನ, ನಡುವೆ ದೊಡ್ಡ ಕುಂಕುಮದ ಬೊಟ್ಟು, ತೊಳೆದ ಸೇವಂತಿಗೆ.

ಪುಟ್ಟತಾಯಮ್ಮನ ಮುಖ ಅರಳಿತ್ತು. "ಒಂದ್ನೂ ಬುಟ್ಟಿಲ್ಲ ಕಣವ್ವ. ಹದ್ನಾಲ್ಕಕ್ಕೂ ಇಟ್ಟಿವ್ನಿ."

ಗಗನ ಮಂಡಿಯೂರಿ ಮೇಲಿನ ಹಾಳೆ ಎತ್ತಿದಳು. ಅದರ ಬೆನ್ನಿಗೆ ಕೆಳಗಿನದರ ನೀಲಿ ಅಂಟಿಕೊಂಡು ಬಂತು. ಮಿಕ್ಸಿಯ ಹಲ್ಲುಗಳಲ್ಲಿ ಅರಿಸಿನ ಇಳಿದಿತ್ತು. ಗೇಟಿನ ಮೇಲೆ ಕೆಂಪು ಹರಡಿತ್ತು. ಒಂದೊಂದಾಗಿ ಹದಿನಾಲ್ಕನ್ನೂ ಬಿಡಿಸಿ ನೆಲದ ಮೇಲೆ ಇಟ್ಟಳು. ಆಮೇಲೆ ಹಾಲು ಉಕ್ಕಿದೆ ಎಂದು ಹೇಳುವಷ್ಟೇ ಧ್ವನಿಯಲ್ಲಿ ಹೇಳಿದಳು.

"ಹಾಳಾಗಿದೆ."

"ಏನು?"

"ಚಿತ್ರ ಎಲ್ಲ ಹಾಳಾಗಿದೆ ಅತ್ತೆ."

"ಕುಂಕುಮ ಇಕ್ಕಿದ್ರೆ ಎಂಗವ್ವ ಹಾಳಾಯ್ತದೆ?" ಪುಟ್ಟತಾಯಮ್ಮನ ಕೈಯಲ್ಲಿ ಕುಂಕುಮದ ಬಟ್ಟಲು ಹಾಗೇ ಇತ್ತು. "ನಿನ್ ಕೆಲ್ಸಕ್ಕೆ ಕೈ ಮುಗ್ದೆ ಕಣೆ ನಾನು."

ಗಗನ ಕೋಣೆಗೆ ಹೋಗಿ ಮೇಜಿನ ಕೆಳಗೆ ಗೋಡೆಗೆ ಮುಖ ಮಾಡಿ ಕೂತಳು. ಸ್ವಲ್ಪ ಹೊತ್ತಿಗೆ ವರ್ಷಿಣಿ ಬಾಗಿಲು ತಳ್ಳಿದಳು. ಅಮ್ಮ ತಿರುಗಲಿಲ್ಲ. "ದಾರ ಕಟ್ಟಿಲ್ಲ ನೀನು" ಎಂದಳು ವರ್ಷಿಣಿ. ಅವಳು ಹೊರಗೆ ಹೋಗಿ ಬಾಗಿಲು ಎಳೆದುಕೊಂಡು, ದಾರವನ್ನು ತಾನೇ ಕಟ್ಟಿದಳು.

ಮಧ್ಯಾಹ್ನ ಮಹೇಂದ್ರ ಕಡಲೆಪುರಿ, ಲಾಡು ತಂದ. ನಡುಮನೆಯಲ್ಲಿ ಅವ್ವ ಅಳುತ್ತಿದ್ದರು. ಅವನು ಕೋಣೆಗೆ ಬಂದು ಪಿಸುದನಿಯಲ್ಲಿ ಹೇಳಿದ, "ಹಬ್ಬದ ದಿನ ಕಣೇ. ಒಂದು ಸಾರಿ ತಪ್ಪಾಯ್ತು ಅಂದ್ಬುಡು. ನಿನ್ನ ಗಂಟೇನು ಹೋಗುತ್ತೆ?"

ಗಗನ ಅದರ ಬಗ್ಗೆ ಸಂಜೆಯವರೆಗೆ ಯೋಚಿಸಿದಳು. ಯಾವ ತಪ್ಪು ಎಂದು ಹುಡುಕಿದಳು. ಆರು ಗಂಟೆಗೆ ಹೊರಗೆ ಬಂದು ಅತ್ತೆಯ ಎದುರು ನಿಂತಳು.

"ನೀವು ಒಳ್ಳೆ ಮನಸ್ಸಿಂದ ಮಾಡಿದ್ದು. ನಂಗೆ ಗೊತ್ತು. ಆದ್ರೆ ಹಾಳಾಗಿದೆ."

"ಅದ್ನೇ ಎಷ್ಟ್ ಸಲ ಹೇಳೀಯವ್ವ?"

"ನಂಗೆ ಬೇರೆ ಥರ ಹೇಳೋಕೆ ಬರಲ್ಲ ಅತ್ತೆ. ನಂಗೆ ಆಟಿಸಂ ಇದೆ."

ಮಹೇಂದ್ರ, "ಗಗನ" ಎಂದ. ಅವಳು ನಿಲ್ಲಿಸಲಿಲ್ಲ. ಫೈಲಿನಿಂದ ಆ ಎರಡು ಪುಟ ತಂದು ಓದಿದಳು, ಇಂಗ್ಲಿಷಿನದ್ದನ್ನು ಕನ್ನಡದಲ್ಲಿ ಹೇಳುತ್ತ ಹೋದಳು. ಸದ್ದು, ಬೆಳಕು, ಜನ, ಮಾತು. ಕಾಯಿಲೆಯಲ್ಲ, ಗುಣವಾಗುವಂಥದ್ದೂ ಅಲ್ಲ. ಹೆಡ್‌ಫೋನಿನಲ್ಲಿ ಯಾವತ್ತೂ ಹಾಡು ಇರಲಿಲ್ಲ ಎಂಬುದನ್ನೂ ಹೇಳಿದಳು. ಕೊನೆಗೆ ತಾರೀಖನ್ನೂ ಓದಿದಳು.

"ಮೂರ್ ವರ್ಸ ಆಯ್ತಾ?" ಪುಟ್ಟತಾಯಮ್ಮ ಮಗನ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತಾ?"

ಮಹೇಂದ್ರ ಫೋನ್ ನೋಡುತ್ತಿದ್ದ.

"ಈ ಮಗೀಗೆ?"

"ನಂಗೂ ಗೊತ್ತು ಅಜ್ಜಿ" ಎಂದಳು ವರ್ಷಿಣಿ.

"ಅಂದ್ರೆ ನಂಗೊಬ್ಬಳ್ಗೇ ಗೊತ್ತಿಲ್ಲ. ಎರಡ್ ವರ್ಸದಿಂದ ಈ ಮನೇಲಿ ಉಣ್ತಾ ಇವ್ನಿ, ನಾನೇನ್ ಬಾಡ್ಗೆ ಕೊಡೋಳಾ? ಮಿಕ್ಸಿ ಸದ್ದು ಆಗಾಕಿಲ್ಲ ಅಂದಿದ್ರೆ ಒರಳಲ್ಲಿ ಅರೀತಿದ್ದೆ ಕಣವ್ವ. ನೀರ್ ತಾಕಿದ್ರೆ ಹೊಂಟೋಯ್ತದೆ ಅಂದಿದ್ರೆ ದೂರದಿಂದ್ಲೇ ಒಂದ್ ಹೂ ಇಡ್ತಿದ್ದೆ. ಒಂದ್ ಮಾತು ಹೇಳಿದ್ರೆ ಬಾಯ್ ಸವ್ದೋಯ್ತಿತ್ತಾ?" ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ನನ್ ಸೊಸೆ ಪದ ಕೇಳ್ತಾಳೆ ಅಂತ ಬೀದಿಗೆಲ್ಲ ಹೇಳ್ಕೊಂಡ್ ಬಂದೆ."

ಮಾರನೆಯ ಬೆಳಗ್ಗೆ ಅವರು ಹುಣಸೂರಿನ ಮಗಳ ಮನೆಗೆ ಹೊರಟರು. ನಾಕು ದಿನಕ್ಕೆ ಅಂದರು, ಆದರೆ ಕುಡುಗೋಲನ್ನೂ ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಗಗನ ಅದನ್ನು ನೋಡಿದಳು. ಹೋಗಬೇಡಿ ಎನ್ನಬೇಕಿತ್ತು. ಆ ಮಾತು ಎಲ್ಲಿಂದ ಶುರುವಾಗುತ್ತದೆ ಎಂದು ತಿಳಿಯದೆ, ತಿಳಿದಿದ್ದನ್ನು ಕೇಳಿದಳು.

"ಯಾವಾಗ ಬರ್ತೀರಿ ಅತ್ತೆ?"

"ಯಾಕೆ? ನಿನ್ ಎರಡೂವರೆ ಗಂಟೆಗೆ ಬೇಕಾ ನಾನು?"

"ಹೌದು" ಎಂದಳು ಗಗನ.

ಅದು ನಿಜವಾಗಿತ್ತು. ಅದೊಂದೇ ನಿಜವಲ್ಲ ಎಂದು ಅವಳಿಗೆ ಹೊಳೆಯುವ ಹೊತ್ತಿಗೆ ಮಹೇಂದ್ರ ಸ್ಕೂಟರನ್ನು ಬಸ್‌ಸ್ಟ್ಯಾಂಡಿನ ರಸ್ತೆಗೆ ತಿರುಗಿಸಿಯಾಗಿತ್ತು.

ಸುದರ್ಶನ ಸೋಮವಾರ ಬಂದು ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಗಗನ ಹಿಂದೆ ಫೋನಿನಲ್ಲಿ ತೆಗೆದಿಟ್ಟಿದ್ದ ನಾಲ್ಕು ಚಿತ್ರಗಳ ಫೋಟೋಗಳು ಅಚ್ಚಿಗೆ ಆಗುವಂಥವಲ್ಲ ಎಂದರು. "ಮತ್ತೆ ಬರೀರಿ ಮೇಡಂ, ಮುಂದಿನ ವರ್ಷ ನೋಡೋಣ." ಮತ್ತೆ ಬರೆಯಲು ಬರುವುದಿಲ್ಲ, ಆ ಸದ್ದುಗಳನ್ನು ಒಮ್ಮೆ ಹೊರಗೆ ಹಾಕಿಯಾಗಿದೆ ಎಂದಳು ಅವಳು. ಅವರಿಗೆ ಅರ್ಥವಾಗಲಿಲ್ಲ, ಕೈ ಮುಗಿದು ಹೋದರು.

ಅದರ ಮುಂದಿನ ಭಾನುವಾರ ಮಹೇಂದ್ರ ಡ್ರಿಲ್ಲಿಂಗ್ ಮಷೀನ್ ಎರವಲು ತಂದು ಕೋಣೆಗೆ ಚಿಲಕ ಹಾಕಿದ. ಸದ್ದಿಗೆ ಗಗನ ಮಹಡಿಗೆ ಹೋಗಿ ಕೂತಿದ್ದಳು. ಇಳಿದು ಬಂದಾಗ ಅವನು ಹೊಸ ಸ್ಟೀಲಿನ ಚಿಲಕವನ್ನು ಎಳೆದು, ತಳ್ಳಿ ತೋರಿಸಿದ.

"ತಗೋ. ಇನ್ನು ಯಾರೂ ಬರಲ್ಲ."

"ಇದು ಒಳಗಿನ ಚಿಲಕ" ಎಂದಳು ಗಗನ. "ನಾನು ಅವತ್ತು ಹೊರಗಿದ್ದೆ."

"ಮಾಡಿದ್ರೂ ಒಂದು ಮಾತು, ಮಾಡದಿದ್ರೂ ಒಂದು ಮಾತು ನಿಂದು" ಎಂದು ಅವನು ಮರದ ಪುಡಿಯನ್ನು ಗುಡಿಸತೊಡಗಿದ.

ಈಗ ಅಡುಗೆ ಅವಳದು, ಬಾಗಿಲು ಅವಳದು, ಒಂದು ಗಂಟೆಗೆ ಮಹೇಂದ್ರನ ಊಟ ಅವಳದು. ಕುಕ್ಕರು, ಮಿಕ್ಸಿ, ಗ್ಯಾಸಿನವನ ಕಾಲಿಂಗ್ ಬೆಲ್ಲು ತಲೆಯಿಂದ ಇಳಿಯುವ ಹೊತ್ತಿಗೆ ವರ್ಷಿಣಿಯ ಶಾಲೆ ವ್ಯಾನು ಬಂದಿರುತ್ತದೆ. ಕೆಂಪು ದಾರವನ್ನು ವರ್ಷಿಣಿ ಬಿಚ್ಚಿ ಜಡೆಗೆ ಕಟ್ಟಿಕೊಂಡಳು. ಚಿಲಕ ಇದೆಯಲ್ಲ ಎಂದು ಅವಳು ಈಗ ಬಾಗಿಲು ತಟ್ಟುತ್ತಾಳೆ, ತೆಗೆಯದಿದ್ದರೆ ಹೋಗುತ್ತಾಳೆ. ದೀಪಾವಳಿ ಕಳೆಯಿತು. ಹುಣಸೂರಿನಿಂದ ಫೋನು ಮಹೇಂದ್ರನಿಗೆ ಬರುತ್ತದೆ.

ಗಗನ ಒಂದು ಬೆಳಗ್ಗೆ ನೋಟ್‌ಬುಕ್ಕಿನಲ್ಲಿ ಹೋದದ್ದನ್ನು ಬರೆದಿಟ್ಟಳು. ಚಿತ್ರ ಹದಿನಾಲ್ಕು, ಅದರಲ್ಲಿ ಪೂರ್ತಿ ಹೋದದ್ದು ಹನ್ನೊಂದು. ದಿನಕ್ಕೆ ಎರಡೂವರೆ ಗಂಟೆ. ಅತ್ತೆ ಒಬ್ಬರು.